ಬಾಲ ಬೆಳ್ಳಗಾದ ಮರಿಗಳು: ಅರಸೀಕೆರೆ ಕಡೆಯ ಒಂದು ಸೀಗಡಿ ಕೊಳದ ಪ್ರಕರಣ

ಮಾರ್ಚ್ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಆರೂವರೆಗೆ ಫೋನ್ ಬಂತು. "ತಮ್ಮಾ, ಹಾಪಾದಲ್ಲಿರೋ ಮರಿಗಳ ಬಾಲ ಬೆಳ್ಳಗಾಗೈತೆ. ಗಂಜಿ ಕುಡಿಸಿದಂಗೆ ಕಾಣ್ತವೆ. ಒಂಚೂರು ಬಂದು ನೋಡಪ್ಪ."

ನಾನು ಮೀನುಗಾರಿಕೆ ಓದಿದವನು. ಹಾಸನದಲ್ಲಿದ್ದುಕೊಂಡು ಈ ಜಿಲ್ಲೆಯ, ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಮೀನು ಹೊಂಡಗಳಿಗೆ ಹೋಗಿ ನೀರು, ಮರಿ, ಮೇವು ನೋಡುವುದು ನನ್ನ ಕೆಲಸ. ಫೋನ್ ಮಾಡಿದವರ ಹೆಸರು, ಊರು ಇಲ್ಲಿ ಬೇಡ. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರ ಮನೆಯವರನ್ನು ಅತ್ತಿಗೆ ಎನ್ನುತ್ತೇನೆ. ಹಾಗೇ ಬರೆಯುತ್ತೇನೆ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಲು ಕಾರಣ ಇದೆ. ನಮ್ಮ ಕಡೆ ಸೀಗಡಿ ಅಂದರೆ ಸಂತೆಯ ಒಣಸೀಗಡಿ, ಇಲ್ಲವೇ ಕೆರೆ ಬತ್ತಿದಾಗ ಸಿಗುವ ಸಣ್ಣ ಸೀಗಡಿ. ಸಾಕುವವರು ಕಡಿಮೆ. ಸಾಕಿದ ಸೀಗಡಿ ವೈರಸ್ ರೋಗದಿಂದ ಸತ್ತರೆ ಇಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಮರಿ ಕೊಳದ ತಳದಲ್ಲೇ ಸಾಯುತ್ತದೆ, ಉಳಿದವು ಅದನ್ನು ತಿಂದು ಮುಗಿಸುತ್ತವೆ. ಆರೇಳು ತಿಂಗಳ ನಂತರ ಬಲೆ ಎಳೆದಾಗ ಏನೂ ಬರುವುದಿಲ್ಲ. ಆಗ ಕೊಕ್ಕರೆ ತಿಂತು ಅಂತಾರೆ, ಹಾವು ತಿಂತು ಅಂತಾರೆ, ಕಳ್ಳರು ಹಿಡಿದರು ಅಂತಾರೆ. ಈ ಸಲ ನಾವು ರೋಗವನ್ನು ಕಣ್ಣಾರೆ ನೋಡಿದೆವು. ಅದಕ್ಕೆ ಕಾರಣ ಒಂದು ಬಲೆಯ ಚೀಲ.

ಕೊಳ ಮತ್ತು ಮರಿ

ಅಣ್ಣನದು ತೆಂಗಿನ ತೋಟದ ತಗ್ಗಿನಲ್ಲಿರುವ ಮಣ್ಣಿನ ಕೊಳ. ಎಕರೆಗೆ ಸ್ವಲ್ಪ ಕಡಿಮೆ. ನಾಲ್ಕು ಅಡಿ ನೀರು. ಮಳೆ ನೀರು ಬಂದರೆ ಬಂತು, ಇಲ್ಲದಿದ್ದರೆ ಬೋರ್‌ವೆಲ್. ಹೆಚ್ಚಾದ ನೀರು ತೂಬಿನಿಂದ ಹಳ್ಳಕ್ಕೆ, ಹಳ್ಳದಿಂದ ಊರ ಕೆರೆಗೆ. ಈ ದಾರಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಐದು ವರ್ಷ ಕಾಟ್ಲಾ, ರೋಹು ಸಾಕಿ ಕೈ ಪಳಗಿತ್ತು. ಹಿಂದಿನ ವರ್ಷ ಮೊದಲ ಬಾರಿ ಸಿಹಿನೀರಿನ ಸೀಗಡಿ ಬಿಟ್ಟಿದ್ದರು. ಇದನ್ನು ಸ್ಕ್ಯಾಂಪಿ ಅಂತಲೂ ಕರೆಯುತ್ತಾರೆ. ಗಂಡಿಗೆ ಉದ್ದನೆಯ ನೀಲಿ ಕೊಂಡಿ ಇರುತ್ತದೆ. 10 ಸಾವಿರ ಬಿಟ್ಟಿದ್ದಕ್ಕೆ ಕೈಗೆ ಸಿಕ್ಕಿದ್ದು 700 ಚಿಲ್ಲರೆ. ಆಗ ನನಗೆ ಅವರ ಪರಿಚಯ ಇರಲಿಲ್ಲ.

ಈ ಸೀಗಡಿಯ ಹುಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ದೊಡ್ಡದಾದ ಮೇಲೆ ಅದು ಸಿಹಿನೀರಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದರೆ ಮೊಟ್ಟೆಯೊಡೆದು ಬಂದ ಮರಿಗೆ ಉಪ್ಪುನೀರು ಬೇಕು. ಸಮುದ್ರದ ನೀರಿನ ಮೂರರಲ್ಲಿ ಒಂದು ಪಾಲಿನಷ್ಟು ಉಪ್ಪು. ಅದರಲ್ಲಿ 11 ಹಂತ ದಾಟಿ, ನಾಲ್ಕೈದು ವಾರದ ಮೇಲೆ ಪುಟ್ಟ ಸೀಗಡಿಯ ರೂಪಕ್ಕೆ ಬರುತ್ತದೆ. ಆ ಮರಿಯನ್ನು ಎಲ್ಲರೂ 'ಪಿ.ಎಲ್.' ಅನ್ನುತ್ತಾರೆ. ಹಾಗಾಗಿ ಅರಸೀಕೆರೆಯಲ್ಲಿ ಸೀಗಡಿ ಬೆಳೆಸಬಹುದು, ಮರಿ ಮಾಡುವುದು ಕಷ್ಟ. ಮರಿ ಕರಾವಳಿಯ ಹ್ಯಾಚರಿಯಿಂದಲೇ ಬರಬೇಕು. ಅಲ್ಲಿನ ಆರೋಗ್ಯವೇ ಇಲ್ಲಿನ ಆರೋಗ್ಯ.

ಮಾರ್ಚ್ ತಿಂಗಳನ್ನು ಆರಿಸಿದ್ದು ನಾನೇ. ಸೀಗಡಿಗೆ 28ರಿಂದ 31 ಡಿಗ್ರಿ ನೀರು ಒಗ್ಗುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ಚಳಿಗೆ ಅವು ಮೇವು ಬಿಟ್ಟು ಮುದುಡಿಕೊಳ್ಳುತ್ತವೆ. ಬೇಸಿಗೆ ಮೊದಲು ಬಿಟ್ಟರೆ ಚಳಿಗೆ ಮುಂಚೆ ಹಿಡಿಯಬಹುದು.

20 ಸಾವಿರ ಮರಿ ತರಿಸಿದ್ದರು. 15 ಸಾವಿರ ಅಣ್ಣನಿಗೆ. 5 ಸಾವಿರ ಕಡೂರು ಕಡೆಯಲ್ಲಿರುವ ಅವರ ಅಕ್ಕನ ಮಗನಿಗೆ. ಒಂದೇ ಹ್ಯಾಚರಿ, ಒಂದೇ ತೊಟ್ಟಿಯ ಮರಿ, ಒಂದೇ ಗಾಡಿ. ಭಾನುವಾರ ಬೆಳಿಗ್ಗೆ ಥರ್ಮಾಕೋಲ್ ಡಬ್ಬಿಗಳಲ್ಲಿ, ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಕವರ್‌ಗಳಲ್ಲಿ ಬಂದವು. ಕವರ್‌ಗಳನ್ನು ಅರ್ಧ ಗಂಟೆ ಕೊಳದಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವೇ ಕೊಳದ ನೀರು ಸೇರಿಸಿ ಬಿಟ್ಟರು. 13 ಸಾವಿರ ನೇರವಾಗಿ ಕೊಳಕ್ಕೆ. 2 ಸಾವಿರ ಹಾಪಾಕ್ಕೆ. ಹಾಪಾ ಅಂದರೆ ನಾಲ್ಕು ಗೂಟಕ್ಕೆ ಕಟ್ಟಿ ಕೊಳದೊಳಗೆ ಇಳಿಬಿಟ್ಟ ಸಣ್ಣ ಕಣ್ಣಿನ ಬಲೆ ಚೀಲ, ಸೊಳ್ಳೆ ಪರದೆಯನ್ನು ತಲೆಕೆಳಗು ಮಾಡಿದ ಹಾಗೆ. "ಎಲ್ಲ ಮರಿಯನ್ನೂ ಹಾಪಾದಲ್ಲಿಟ್ಟು ಎರಡು ವಾರ ನೋಡಿ ಬಿಡಿ ಅಣ್ಣ" ಅಂತ ಹೇಳಿದ್ದೆ. ಅಷ್ಟು ಹಾಪಾ ಇರಲಿಲ್ಲ. ಇದ್ದ ಒಂದರಲ್ಲಿ ಹಿಡಿಸಿದಷ್ಟು ಇಟ್ಟರು. ಆ 2 ಸಾವಿರ ಮರಿ ಇರದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಾಗೆ ಬಂಗಾರ

ನಾನು ಹೋದಾಗ ಎಂಟು ಗಂಟೆ. ಅಣ್ಣ ಬಿಳಿ ಪಿಂಗಾಣಿ ಬಟ್ಟಲಲ್ಲಿ ಒಂದಷ್ಟು ಮರಿ ಹಿಡಿದಿಟ್ಟಿದ್ದರು. ಬಿಳಿ ಬಟ್ಟಲಲ್ಲಿ ಬಿಳಿ ಕಾಣುವುದಿಲ್ಲ ಅಲ್ವಾ. ಅತ್ತಿಗೆ ಒಳಗಿಂದ ಕಪ್ಪು ಕಾವಲಿಯನ್ನೇ ತಂದುಕೊಟ್ಟರು. ಅದರಲ್ಲಿ ಸ್ವಲ್ಪ ನೀರು ಹಾಕಿ ಬಿಟ್ಟ ಕೂಡಲೇ ಎಲ್ಲ ಸ್ಪಷ್ಟವಾಯಿತು.

ಚೆನ್ನಾಗಿರುವ ಪಿ.ಎಲ್. ಗಾಜಿನಂತೆ ಇರುತ್ತದೆ, ಆಚೆ ಬದಿ ಕಾಣುತ್ತದೆ. ಇವುಗಳಲ್ಲಿ ಬಾಲದ ತುದಿಯಿಂದ ಮೇಲಕ್ಕೆ ಹಾಲಿನ ಬಣ್ಣ ಹತ್ತಿತ್ತು. ಕೆಲವಕ್ಕೆ ಕೊನೆಯ ಎರಡು ಗೆಣ್ಣಿನವರೆಗೆ, ಕೆಲವಕ್ಕೆ ಅರ್ಧ ಮೈವರೆಗೆ. ಎರಡು ಮರಿಗಳ ಬಾಲದ ರೆಕ್ಕೆಯೇ ಕರಗಿ ಮೊಂಡಾಗಿತ್ತು. ಕೈ ತೋರಿಸಿದರೆ ಸೀಗಡಿ ಹಿಂದಕ್ಕೆ ಚಿಮ್ಮಬೇಕು. ಇವು ಚಿಮ್ಮುತ್ತಿರಲಿಲ್ಲ, ಸುಮ್ನೆ ವಾಲುತ್ತಿದ್ದವು. ಮೇವು ಹಾಗೇ ಉಳಿದಿತ್ತು. 2 ಸಾವಿರದಲ್ಲಿ ಅವತ್ತು ಸತ್ತದ್ದು 40ರ ಹತ್ತಿರ.

ನಾನು ಮೊದಲು ಹೇಳಿದ್ದು ಏನು ಗೊತ್ತಾ? "ಅಣ್ಣ, ಇದು ಪ್ರಯಾಣದ ಆಯಾಸ ಇರಬಹುದು. ಒಂದೆರಡು ದಿನ ನೋಡೋಣ." ಹಾಗೆ ಹೇಳಲು ಆಧಾರ ಇತ್ತು. ಆಕ್ಸಿಜನ್ ಕಡಿಮೆಯಾದರೆ, ತಾಪ ಹಠಾತ್ತಾಗಿ ಏರುಪೇರಾದರೆ, ಸಾಗಣೆಯಲ್ಲಿ ಮರಿ ನಲುಗಿದರೆ ಸೀಗಡಿಯ ಮಾಂಸ ಬೆಳ್ಳಗಾಗುತ್ತದೆ. ಅಂಥ ಬಿಳುಪು ಮೈಯಲ್ಲಿ ಅಲ್ಲಲ್ಲಿ ತೇಪೆಯಂತೆ ಬರುತ್ತದೆ. ಬೇಗ ನೀರು ಸರಿ ಮಾಡಿದರೆ ಎಷ್ಟೋ ಮರಿಗಳು ಚೇತರಿಸಿಕೊಳ್ಳುತ್ತವೆ. ಆದರೆ ಅದು ಬರುವುದು ಬಿಟ್ಟ ದಿನ, ಮಾರನೆಯ ದಿನ. ಇದು ಬಂದದ್ದು ಐದು ದಿನ ಕಳೆದ ಮೇಲೆ. ಆ ಲೆಕ್ಕವನ್ನು ನಾನು ಆಗಲೇ ಹಾಕಬೇಕಿತ್ತು. ಹಾಕಲಿಲ್ಲ. ಒಂದು ದಿನ ಹೋಯಿತು.

ಕಾಫಿ ಕುಡಿಯುವಾಗ ಅತ್ತಿಗೆ ಒಂದು ಮಾತು ಹೇಳಿದರು. "ಬುಧವಾರ ಮೇವು ಹಾಕಕ್ಕೆ ಹೋದಾಗ ಹಾಪಾ ತಳದಲ್ಲಿ ಕಾಗೆ ಬಂಗಾರದ ಚೂರು ಇದ್ದಂಗೆ ಮಿಣಮಿಣ ಅಂತಿತ್ತು. ಪೊರೆ ಬಿಟ್ಟಿರಬೇಕು ಅನ್ಕೊಂಡೆ."

ಕಾಗೆ ಬಂಗಾರ ನಮ್ಮ ಕಡೆಯ ಕಲ್ಲುಗಳಲ್ಲಿ ಹೊಳೆಯುವ ಅಭ್ರಕ. ಚಿಕ್ಕವರಿದ್ದಾಗ ಉಗುರಲ್ಲಿ ಎಬ್ಬಿಸಿ ಆಡುತ್ತಿದ್ದೆವು. ಅವರ ಮಾತು ನನಗೆ ಹೊಳೆದದ್ದು ವಾಪಸ್ ಬರುವ ದಾರಿಯಲ್ಲಿ. ಬಿಳಿ ಬಾಲ ರೋಗದ ಬಗ್ಗೆ ಓದುವಾಗ ಇದೇ ಹೋಲಿಕೆ ಕಂಡಿದ್ದೆ. ಬಾಲ ಬೆಳ್ಳಗಾಗುವ ಒಂದೆರಡು ದಿನ ಮುಂಚೆ ಮರಿಗಳು ಬಿಟ್ಟ ಪೊರೆ ಅಭ್ರಕದ ಹಾಳೆಯ ಹಾಗೆ ಕಾಣುತ್ತದೆ ಅಂತ. ಪುಸ್ತಕ ನೋಡದ ಅತ್ತಿಗೆ ಅದನ್ನೇ ನೋಡಿ, ಅದೇ ಹೆಸರಿಟ್ಟು ಹೇಳಿದ್ದರು. ಗಾಡಿ ನಿಲ್ಲಿಸಿ ಫೋನ್ ಮಾಡಿದೆ. "ಅಣ್ಣ, ತೂಬು ಮುಚ್ಚಿ. ಒಂದು ಹನಿ ನೀರೂ ಹಳ್ಳಕ್ಕೆ ಹೋಗಬಾರದು. ಹಾಪಾ ಬಲೆಯನ್ನು ಬೇರೆ ಕಡೆ ಒಯ್ಯಬೇಡಿ."

ಎಲ್ಲರೂ ನೀರನ್ನೇ ನೋಡಿದರು

ಅಷ್ಟರಲ್ಲಿ ಅಣ್ಣ ಸುಮ್ಮನೆ ಕೂತಿರಲಿಲ್ಲ. ಯಾರು ಕೂರುತ್ತಾರೆ? ಪೇಟೆಯ ಅಂಗಡಿಯಿಂದ ಎರಡು ಬಾಟಲಿ ಔಷಧಿ, ಒಂದು ಪೊಟ್ಟಣ ಆಂಟಿಬಯಾಟಿಕ್ ಪುಡಿ ತಂದಿದ್ದರು. ಮರಿ ಕಳಿಸಿದವರಿಗೆ ಫೋನ್ ಮಾಡಿದ್ದಕ್ಕೆ ಸಿಕ್ಕ ಉತ್ತರ: "ನಿಮ್ಮ ನೀರೇ ಸರಿಯಿಲ್ಲ."

ಆ ಮಾತನ್ನು ಸುಳ್ಳು ಅಂತ ತಳ್ಳುವಂತಿರಲಿಲ್ಲ. ಅರಸೀಕೆರೆ ಕಡೆಯ ಬೋರ್ ನೀರು ಗಡಸು. ಗಡಸುತನ ಲೀಟರಿಗೆ 300 ಮಿಲಿಗ್ರಾಂ ದಾಟಿದರೆ ಈ ಸೀಗಡಿಗೆ ಹಿಡಿಸುವುದಿಲ್ಲ. ಬೆಳವಣಿಗೆ ಕುಂಠಿತ, ಚಿಪ್ಪಿನ ಮೇಲೆ ಪಾಚಿ, ಹುಳು ಕೂರುತ್ತವೆ. ಅಣ್ಣನ ಕೊಳದ್ದು 240 ಬಂತು. ಬೆಳಗಿನ ಜಾವದ ಆಕ್ಸಿಜನ್ 5 ಮಿಲಿಗ್ರಾಂ ಮೇಲಿತ್ತು. ಪಿ.ಎಚ್. ಬೆಳಿಗ್ಗೆ 7.9, ಮಧ್ಯಾಹ್ನ 8.5. ಅಮೋನಿಯಾ ಹೆಚ್ಚೇನೂ ಇಲ್ಲ. ಬಹಳ ಒಳ್ಳೆಯ ನೀರೇನಲ್ಲ, ಆದರೆ ಐದು ದಿನದಲ್ಲಿ ಮರಿಯನ್ನು ಕೊಲ್ಲುವ ನೀರೂ ಅಲ್ಲ.

ಶನಿವಾರ ನಾನು ಎರಡು ಕೆಲಸ ಮಾಡಿದೆ. ಇನ್ನೂ ಗಾಜಿನಂತೆ ಇದ್ದ 50 ಮರಿಗಳನ್ನು ಆರಿಸಿ, ಮನೆಯಲ್ಲಿ ಚೆನ್ನಾಗಿ ಗಾಳಿ ಬಿಟ್ಟ ಟಬ್‌ನಲ್ಲಿ, ಕ್ಲೋರಿನ್ ತೆಗೆದ ನಲ್ಲಿ ನೀರಿನಲ್ಲಿ ಇಟ್ಟೆ. ಸಮಸ್ಯೆ ಕೊಳದ ನೀರಿನದಾದರೆ ಇವು ಉಳಿಯಬೇಕು. ಸೋಮವಾರ ಬೆಳಿಗ್ಗೆಗೆ 41 ಮರಿಗಳ ಬಾಲ ಬೆಳ್ಳಗಾಗಿತ್ತು.

ಎರಡನೆಯದು, ಕಡೂರಿಗೆ ಫೋನ್. ಅಳಿಯ ಗಾಬರಿಯಲ್ಲಿದ್ದ. "ಸಾರ್, ನಾನೇ ಮಾಡಬೇಕು ಅಂತಿದ್ದೆ. ಮಾವಂಗೆ ಹೇಳಿದ್ರೆ ಬೇಜಾರಾಗ್ತಾರೆ ಅಂತ ಸುಮ್ನಿದ್ದೆ. ನಮ್ಮವೂ ಬೆಳ್ಳಗಾಗಿವೆ." ಅವನ ಹೊಂಡ ಆ ಜನವರಿಯಲ್ಲಿ ತೋಡಿದ್ದು. ತಳಕ್ಕೆ ಪ್ಲಾಸ್ಟಿಕ್ ಹಾಸಿದ್ದು. ಬೇರೆ ಬೋರ್, ಬೇರೆ ಮಣ್ಣು, ಸುಮಾರು 40 ಕಿಲೋಮೀಟರ್ ದೂರ. ಆ ನೀರು ಯಾವತ್ತೂ ಸೀಗಡಿ ಕಂಡಿಲ್ಲ. ಎರಡೂ ಕಡೆ ಸಮಾನವಾಗಿದ್ದದ್ದು ಒಂದೇ: ಮರಿ.

ನನ್ನ ಮಟ್ಟಿಗೆ ಪ್ರಕರಣ ತೀರ್ಮಾನವಾದದ್ದು ಆ ಫೋನಿನಲ್ಲಿ. ಲ್ಯಾಬ್ ವರದಿ ಆಮೇಲೆ ಬಂತು. ಒಂದೇ ಗಾಡಿಯ ಮರಿ ಯಾರ್ಯಾರ ಹೊಂಡಕ್ಕೆ ಹೋಯಿತು ಅಂತ ಕೇಳಿ ನೋಡುವುದಕ್ಕೆ ಖರ್ಚಿಲ್ಲ, ಯಂತ್ರ ಬೇಡ. ಆದರೂ ನಾವು ಕೇಳುವುದಿಲ್ಲ. ಸತ್ತ ಮರಿ ನಮ್ಮ ತಪ್ಪು ಅಂದುಕೊಂಡು ನಾಚಿಕೆಯಿಂದ ಮುಚ್ಚಿಡುತ್ತೇವೆ. ಅಳಿಯ ಎರಡು ದಿನ ಮುಚ್ಚಿಟ್ಟಿದ್ದ, ಅದೂ ಸ್ವಂತ ಮಾವನಿಂದ.

ಭಾನುವಾರಕ್ಕೆ ಹಾಪಾದಲ್ಲಿ ಸತ್ತದ್ದು ಒಟ್ಟು 600 ದಾಟಿತು. ಬುಧವಾರ ಎಣಿಸಿದಾಗ 2 ಸಾವಿರದಲ್ಲಿ ಜೀವಂತ ಉಳಿದದ್ದು 70. ಆಂಟಿಬಯಾಟಿಕ್ ಪೊಟ್ಟಣ ಒಡೆಯಲಿಲ್ಲ, ನಾನೇ ಬೇಡ ಅಂದೆ. ಅದು ಬ್ಯಾಕ್ಟೀರಿಯಾಕ್ಕೆ ಕೆಲಸ ಮಾಡುವ ವಸ್ತು, ವೈರಸ್ಸಿಗೆ ಏನೂ ಮಾಡದು. ಬಾಟಲಿಯದನ್ನು ಅಣ್ಣ ಆಗಲೇ ಸುರಿದಿದ್ದರು. ಅದರಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. 3 ಸಾವಿರ ರೂಪಾಯಿ ಹೋಯಿತು.

ಪ್ರಮಾಣಪತ್ರದಲ್ಲಿ ಏನಿತ್ತು

ಮರಿಯ ಜೊತೆ ಒಂದು ಪರೀಕ್ಷಾ ವರದಿ ಬಂದಿತ್ತು. ಅಣ್ಣ ಅದನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿ, ದೇವರ ಫೋಟೋ ಪಕ್ಕ ಇಟ್ಟಿದ್ದರು. "ನೋಡು ತಮ್ಮಾ, ವೈರಸ್ ಇಲ್ಲ ಅಂತ ಬರ್ಕೊಟ್ಟವ್ರೆ."

ಓದಿದೆ. ವರದಿ ಸುಳ್ಳಾಗಿರಲಿಲ್ಲ. ಪರೀಕ್ಷೆ ಮಾಡಿದ್ದು ಬಿಳಿ ಚುಕ್ಕೆ ರೋಗದ ವೈರಸ್ಸಿಗೆ. ಅದು ಇಲ್ಲ ಅಂತ ಬರೆದಿದ್ದರು. ಬಿಳಿ ಬಾಲದ ವೈರಸ್ಸಿಗೆ ಪರೀಕ್ಷೆಯನ್ನೇ ಮಾಡಿರಲಿಲ್ಲ.

ಈ ಎರಡು ಹೆಸರುಗಳು ಜನರನ್ನು ತುಂಬಾ ಗೊಂದಲ ಮಾಡುತ್ತವೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಳಿ ಚುಕ್ಕೆ ರೋಗ ಸಮುದ್ರ ಜಾತಿಯ ಸೀಗಡಿಗಳ ದೊಡ್ಡ ಶತ್ರು. 1990ರ ದಶಕದ ನಡುವಿನಲ್ಲಿ ಭಾರತದ ಪೂರ್ವ ಕರಾವಳಿಯ ಟೈಗರ್ ಸೀಗಡಿ ಕೊಳಗಳನ್ನು ಖಾಲಿ ಮಾಡಿದ್ದು ಅದೇ. ಅಲ್ಲಿ ಚುಕ್ಕೆ ಕಾಣುವುದು ಚಿಪ್ಪಿನ ಮೇಲೆ, ದೊಡ್ಡ ಸೀಗಡಿಯೂ ಸಾಯುತ್ತದೆ. ನಮ್ಮ ಸಿಹಿನೀರಿನ ಸೀಗಡಿ ಆ ವೈರಸ್ಸನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ. ಬಿಳಿ ಬಾಲ ರೋಗ ಬೇರೆಯೇ. ಬಿಳುಪು ಚಿಪ್ಪಿನ ಕೆಳಗೆ, ಮಾಂಸದಲ್ಲಿ. ಅದು ಕೊಲ್ಲುವುದು ಮರಿಗಳನ್ನು. ಯೂಟ್ಯೂಬ್‌ನಲ್ಲಿ 'ಸೀಗಡಿ ಬಿಳಿ ರೋಗ' ಅಂತ ಹುಡುಕಿದ ಅಣ್ಣನಿಗೆ ಸಿಕ್ಕಿದ್ದೆಲ್ಲ ಮೊದಲನೆಯದರ ವಿಡಿಯೋ. ಅದರಲ್ಲಿ ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದರು, ಪಾಪ. ಒಂದೂ ಹೊಂದುತ್ತಿರಲಿಲ್ಲ.

ಬಿಳಿ ಬಾಲ ರೋಗಕ್ಕೆ ಕಾರಣ ಎರಡು ವೈರಸ್. ಮುಖ್ಯವಾದದ್ದು ಎಂಆರ್‌ಎನ್‌ವಿ ಎಂಬ ನೋಡಾವೈರಸ್. ಅಡ್ಡಳತೆ ಸುಮಾರು 27 ನ್ಯಾನೋಮೀಟರ್. ಒಂದು ಮಿಲಿಮೀಟರ್ ಜಾಗದಲ್ಲಿ ಸಾಲಾಗಿ 37 ಸಾವಿರ ನಿಲ್ಲುತ್ತವೆ. ಅದರ ಜೊತೆ ಎಕ್ಸ್‌ಎಸ್‌ವಿ ಅನ್ನುವ ಇನ್ನೂ ಚಿಕ್ಕದು, 15 ನ್ಯಾನೋಮೀಟರಿನದು, ಇರುತ್ತದೆ. ಅದು ದೊಡ್ಡದರ ನೆರವಿಲ್ಲದೆ ಬೆಳೆಯಲಾರದು. ಕೊರೋನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇತ್ತು, ಸೋಪು ಅದನ್ನು ಒಡೆಯುತ್ತಿತ್ತು. ಈ ವೈರಸ್‌ಗಳಿಗೆ ಆ ಹೊದಿಕೆಯೇ ಇಲ್ಲ. ಹಾಗಾಗಿ ಬಲೆ, ಬಕೆಟ್ಟನ್ನು ಸೋಪಲ್ಲಿ ತೊಳೆದೆವು ಅಂದುಕೊಂಡು ನೆಮ್ಮದಿಯಾಗಿರುವಂತಿಲ್ಲ.

ಈ ರೋಗವನ್ನು ಮೊದಲು ಗುರುತಿಸಿದ್ದು 1990ರ ದಶಕದ ಕೊನೆಯಲ್ಲಿ, ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ. ಆಮೇಲೆ ತೈವಾನ್, ಚೀನಾ, ಭಾರತ, ಥಾಯ್ಲೆಂಡ್, ಆಸ್ಟ್ರೇಲಿಯಾ. ಭಾರತದಲ್ಲಿ 2005-06ರ ಹೊತ್ತಿಗೆ ಈ ಸೀಗಡಿಯ ಉತ್ಪಾದನೆ 40 ಸಾವಿರ ಟನ್ ದಾಟಿತ್ತು. ಮುಂದಿನ ನಾಲ್ಕೈದು ವರ್ಷದಲ್ಲಿ ಅದು ನೆಲ ಕಚ್ಚಿತು. ಕಾರಣ ಇದೊಂದೇ ಅಲ್ಲ, ತಳಿಯ ಗುಣ ಕುಸಿದದ್ದೂ ಸೇರಿತ್ತು, ರೋಗದ ಪಾಲೂ ಇತ್ತು. ಈ ರೋಗದ ಬಗ್ಗೆ ಜಗತ್ತಿಗೇ ದಾರಿ ತೋರಿದ ಕೆಲಸ ನಡೆದದ್ದು ತಮಿಳುನಾಡಿನ ಮೇಲ್ವಿಶಾರಂ ಎಂಬ ಸಣ್ಣ ಊರಿನ ಸಿ. ಅಬ್ದುಲ್ ಹಕೀಮ್ ಕಾಲೇಜಿನಲ್ಲಿ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಬಿಳಿ ಬಾಲ ರೋಗಕ್ಕೆ ಅಧಿಕೃತ ಪ್ರಯೋಗಾಲಯವಾಗಿ ಆರಿಸಿಕೊಂಡದ್ದು ಆ ಕಾಲೇಜನ್ನೇ. ಇಷ್ಟು ಹತ್ತಿರ ಇಷ್ಟು ತಿಳಿವಳಿಕೆ ಇದೆ. ಅದು ಅರಸೀಕೆರೆಯ ರೈತನ ಕೈಗೆ ಬಂದ ಕಾಗದದವರೆಗೆ ತಲುಪಿರಲಿಲ್ಲ. ನನಗೆ ಸಂಕಟವಾಗುವುದು ಇಲ್ಲೇ.

ಮಾದರಿ ಕಳಿಸುವಾಗ ಒಂದು ಎಚ್ಚರ ಬೇಕು. ಈ ವೈರಸ್‌ಗಳದ್ದು ಆರ್‌ಎನ್‌ಎ. ಬೇಗ ಹಾಳಾಗುತ್ತದೆ. ಸತ್ತು ಕೊಳೆತ ಮರಿಯನ್ನು ನೀರಲ್ಲಿ ಹಾಕಿ ಕಳಿಸಿದರೆ ಏನೂ ಸಿಗದು. ಆಗಷ್ಟೇ ಬಾಲ ಬೆಳ್ಳಗಾದ, ಜೀವ ಇರುವ 30 ಮರಿಗಳನ್ನು ಶುದ್ಧ ಆಲ್ಕೋಹಾಲ್‌ನಲ್ಲಿ ಹಾಕಿ ಕಳಿಸಿದೆ. ಜೊತೆಗೆ ಇನ್ನೊಂದು ಸೀಸೆ. ಕೊಳಕ್ಕೆ ಬಲೆ ಹಾಕಿದಾಗ ಹಿಂದಿನ ವರ್ಷದ ಮೂರು ದೊಡ್ಡ ಸೀಗಡಿ ಸಿಕ್ಕಿದ್ದವು. ನೋಡಲು ಗಟ್ಟಿಮುಟ್ಟು, ಚುರುಕು. ಅವುಗಳ ಹೊಟ್ಟೆಯಡಿಯ ಈಜುಗಾಲಿನ ಒಂದೊಂದು ತುಂಡು ಕತ್ತರಿಸಿ ಹಾಕಿದೆ. ಸೀಗಡಿಯನ್ನು ಕೊಲ್ಲದೆ ಪರೀಕ್ಷೆ ಮಾಡಲು ಅಷ್ಟು ಸಾಕು.

ಪರೀಕ್ಷೆ ಆರ್‌ಟಿ-ಪಿಸಿಆರ್. ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದರಲ್ಲ, ಅದೇ. ಹತ್ತು ದಿನಕ್ಕೆ ಫಲಿತಾಂಶ ಬಂತು. ಮರಿಗಳಲ್ಲಿ ಎರಡೂ ವೈರಸ್ ಇದ್ದವು. ಮೂರು ದೊಡ್ಡ ಸೀಗಡಿಗಳಲ್ಲಿ ಎರಡರಲ್ಲಿ ಎಂಆರ್‌ಎನ್‌ವಿ ಇತ್ತು.

ದೊಡ್ಡ ಸೀಗಡಿಗೆ ಈ ರೋಗದಿಂದ ಏನೂ ಆಗುವುದಿಲ್ಲ. ಉಣ್ಣುತ್ತದೆ, ಬೆಳೆಯುತ್ತದೆ, ಮೊಟ್ಟೆ ಇಡುತ್ತದೆ. ವೈರಸ್ಸನ್ನು ಹೊತ್ತು ತಿರುಗುತ್ತದೆ. ಮೊಟ್ಟೆಯ ಮೂಲಕ ಮರಿಗೆ ದಾಟಿಸುತ್ತದೆ. ಹ್ಯಾಚರಿಯಲ್ಲಿ ತಾಯಿ ಸೀಗಡಿಯ ಪರೀಕ್ಷೆ ತಪ್ಪಿದರೆ ಒಂದು ತೊಟ್ಟಿಯ ಲಕ್ಷಗಟ್ಟಲೆ ಮರಿಗೆ ಅದು ಹರಡುತ್ತದೆ. ಮರಿಗೆ ಮೇವಾಗಿ ಕೊಡುವ ಆರ್ಟೀಮಿಯಾ ಹುಳುವೂ ವೈರಸ್ಸನ್ನು ಹೊರಬಲ್ಲದು. ಕೊಳದಲ್ಲಿರುವ ನೀರುತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೀರುಂಡೆಗಳೂ ಹೊರಬಲ್ಲವು ಅಂತ ನಮ್ಮ ದೇಶದಲ್ಲೇ ನಡೆದ ಅಧ್ಯಯನಗಳು ತೋರಿಸಿವೆ. ಮನುಷ್ಯನಿಗೆ ಇದರಿಂದ ತೊಂದರೆ ಇಲ್ಲ.

ಆ ಎರಡು ದೊಡ್ಡ ಸೀಗಡಿಗಳ ಫಲಿತಾಂಶ ಕೇಳಿದಾಗ ಅಣ್ಣ ಸುಮಾರು ಹೊತ್ತು ಮಾತಾಡಲಿಲ್ಲ. ಮಾತಾಡಿದ್ದು ಅತ್ತಿಗೆ. "ಹಂಗಾರೆ ಹೋದ್ ವರ್ಷನೂ ಮರಿ ಹಿಂಗೇ ಹೋಗಿದ್ವಾ? ನಾವು ಸುಮ್ನೆ ಆ ಹುಡುಗನ್ನ ಬೈದ್ವಾ?"

ಹಿಂದಿನ ವರ್ಷ 10 ಸಾವಿರಕ್ಕೆ 700 ಸಿಕ್ಕಾಗ, ಪಕ್ಕದ ತೋಟದವರ ಮಗ ರಾತ್ರಿ ಬಲೆ ಬೀಸಿದ್ದಾನೆ ಅಂತ ಅನುಮಾನಪಟ್ಟಿದ್ದರಂತೆ. ಊರವರ ಮುಂದೆ ಜಗಳವಾಗಿತ್ತು. ಎರಡು ಮನೆಯವರು ಮಾತು ಬಿಟ್ಟಿದ್ದರು, ಬದುವಿನ ಮೇಲೆ ಓಡಾಟ ನಿಂತಿತ್ತು. ದೊಡ್ಡ ಸೀಗಡಿಗಳಿಗೆ ವೈರಸ್ ಹೊಸ ಮರಿಗಳಿಂದ ಈಗ ಅಂಟಿರಲೂಬಹುದು, ಹಾಗಾಗಿ ಹಿಂದಿನ ವರ್ಷದ್ದೂ ಇದೇ ಅಂತ ಈ ಒಂದು ಪರೀಕ್ಷೆಯಿಂದ ಹೇಳುವಂತಿಲ್ಲ. ಅದನ್ನೇ ಅವರಿಗೆ ಹೇಳಿದೆ. ಆದರೆ ಆ ಹುಡುಗ ಕದ್ದ ಅನ್ನುವುದಕ್ಕೂ ಏನೂ ಆಧಾರ ಇರಲಿಲ್ಲ ಅಲ್ವಾ? ಅತ್ತಿಗೆ ಅವತ್ತು ಸಂಜೆಯೇ ಬದು ದಾಟಿ ಆ ಮನೆಗೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತು ಅಂತ ನಾನು ಕೇಳಲಿಲ್ಲ.

ನೀರನ್ನು ಏನು ಮಾಡುವುದು

ಬಂದ ಮೇಲೆ ಈ ರೋಗಕ್ಕೆ ಔಷಧಿ ಇಲ್ಲ. ಲಸಿಕೆಯೂ ಇಲ್ಲ. ನಮಗಿರುವಂಥ ಪ್ರತಿಕಾಯಗಳು ಸೀಗಡಿಯ ದೇಹದಲ್ಲಿ ತಯಾರಾಗುವುದೇ ಇಲ್ಲ. ಉಳಿದ ಕೆಲಸ ಒಂದೇ, ಅದು ಕೊಳದಿಂದಾಚೆ ಹೋಗದಂತೆ ನೋಡಿಕೊಳ್ಳುವುದು.

ಊರಲ್ಲಿ ಕೆಲವರು "ತೂಬು ಎತ್ತಿ ಖಾಲಿ ಮಾಡಿ, ಹೊಸ ನೀರು ತುಂಬಿಸಿ" ಅಂದರು. ಸುಲಭ, ಒಂದು ರಾತ್ರಿಯ ಕೆಲಸ. ಹಾಗೆ ಮಾಡಿದ್ದರೆ ಆ ನೀರು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತಿತ್ತು. ಕೆರೆಯ ಕೆಳಗೆ ಇನ್ನೂ ಮೂರು ಮೀನು ಹೊಂಡಗಳಿವೆ. ಅಣ್ಣ ಒಪ್ಪಲಿಲ್ಲ. ಮೋಟಾರ್ ಇಟ್ಟು, ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ನೀರನ್ನು ತೆಂಗಿನ ಬುಡಗಳಿಗೆ ಹಾಯಿಸಿದರು. ಬೇಸಿಗೆಯ ಒಣ ನೆಲ ಕುಡಿದುಬಿಟ್ಟಿತು. ಹತ್ತು ದಿನ ಹಿಡಿಯಿತು. ಕಾಟ್ಲಾ ಮೀನುಗಳನ್ನು ಹಿಡಿದು ಮಾರಿದರು.

ಕೊನೆಯ ಒಂದು ಅಡಿ ನೀರಿಗೆ ಬ್ಲೀಚಿಂಗ್ ಪೌಡರ್, ಸಾವಿರ ಲೀಟರಿಗೆ 60 ಗ್ರಾಂ ಲೆಕ್ಕದಲ್ಲಿ. ಒಟ್ಟು 70 ಕಿಲೋ ಬೇಕಾಯಿತು. ಸಂಜೆ ಹೊತ್ತಿನಲ್ಲೇ ಹಾಕಿಸಿದೆ. ಬಿಸಿಲಿಗೆ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಹಳೇ ಪೌಡರ್ ತಂದರೆ ಅದರಲ್ಲಿ ಸತ್ವ ಇರುವುದಿಲ್ಲ, ಹೊಸ ಚೀಲ ನೋಡಿ ತರಬೇಕು. ನನ್ನ ಟಬ್‌ನ ನೀರಿಗೂ ಬ್ಲೀಚಿಂಗ್ ಹಾಕಿ ಎರಡು ದಿನ ಬಿಟ್ಟು ಗುಂಡಿಗೆ ಸುರಿದೆ. ಹಾಪಾ, ಬಲೆ, ಬಕೆಟ್, ಥರ್ಮಾಕೋಲ್ ಡಬ್ಬಿ ಯಾವುದನ್ನೂ ಬಿಡಲಿಲ್ಲ. ಆಮೇಲೆ ಕೊಳ ಒಣಗಿತು. ಏಪ್ರಿಲ್ ಬಿಸಿಲಿಗೆ ತಳ ಬಿರುಕು ಬಿಟ್ಟು, ಬಿರುಕಿನಲ್ಲಿ ಬೆರಳು ಹೋಗುವಷ್ಟಾಯಿತು. ಒಮ್ಮೆ ಉಳುಮೆ ಮಾಡಿಸಿ ಸುಣ್ಣ ಹಾಕಿಸಿದರು. ಆ ಮಳೆಗಾಲ ಬರೀ ಮೀನು ಬಿಟ್ಟರು.

ಮರಿ, ಸಾಗಣೆ, ಔಷಧಿ, ಬ್ಲೀಚಿಂಗ್, ಕರೆಂಟು, ಕೂಲಿ ಎಲ್ಲ ಸೇರಿ ಅಣ್ಣನಿಗೆ 60 ಸಾವಿರಕ್ಕೆ ಸ್ವಲ್ಪ ಕಡಿಮೆ ನಷ್ಟ. ಅಷ್ಟು ಮರಿಯಲ್ಲಿ ಒಂದು ಚಿಟಿಕೆ ತೆಗೆದು ಮೊದಲೇ ಪರೀಕ್ಷೆ ಮಾಡಿಸಿದ್ದರೆ ಆಗುತ್ತಿದ್ದ ಖರ್ಚು ಇದರ ಒಂದು ಸಣ್ಣ ಪಾಲು. ನಾನು ಈಗ ಮರಿ ತರಿಸುವವರಿಗೆ ಹೇಳುವುದು ಇಷ್ಟು: ಯಾವ ವೈರಸ್ಸಿಗೆ ಪರೀಕ್ಷೆ ಮಾಡಿದ್ದೀರಿ ಅಂತ ಹೆಸರು ಹಿಡಿದು ಕೇಳಿ. ಎಂಆರ್‌ಎನ್‌ವಿ ಹೆಸರು ಕಾಗದದಲ್ಲಿ ಕಾಣದಿದ್ದರೆ ಗಾಡಿ ಹತ್ತಿಸಬೇಡಿ. ಬಂದ ಮರಿಯಷ್ಟನ್ನೂ ಎರಡು ವಾರ ಹಾಪಾದಲ್ಲೋ ತೊಟ್ಟಿಯಲ್ಲೋ ಇಡಿ, ದಿನಾ ಕಪ್ಪು ತಟ್ಟೆಯಲ್ಲಿ ಹಾಕಿ ನೋಡಿ. ಹಾಪಾ ಇಲ್ಲ ಅಂದರೆ ಮರಿ ತರಿಸುವುದನ್ನೇ ಮುಂದೂಡಿ. ನಾನು ಅಣ್ಣನಿಗೆ ಹಾಪಾದ ಮಾತನ್ನು ಸಲಹೆಯಾಗಿ ಹೇಳಿದ್ದೆ. ಷರತ್ತಾಗಿ ಹೇಳಬೇಕಿತ್ತು.

ಕಡೂರಿನಲ್ಲಿ ಉಳಿದವು

ಅಳಿಯನ ಹೊಂಡದ ವಿಷಯ ಬಾಕಿ ಇದೆ. ಅವನು ಹೊಂಡ ಖಾಲಿ ಮಾಡಲಿಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡ, ಹೊರಗೆ ಹೋಗುವ ದಾರಿ ಇಲ್ಲ, ಸುತ್ತ ಬೇರೆ ಸೀಗಡಿ ಇಲ್ಲ. "ಉಳಿದಿದ್ದು ಉಳೀಲಿ ಸಾರ್, ನೋಡೇ ಬಿಡೋಣ" ಅಂದ. ನಾನೂ ಒಪ್ಪಿದೆ. ಈ ರೋಗ ಬಡಿದ ಮೇಲೆ ಮೊದಲ 15 ದಿನ ದಾಟಿದ ಮರಿಗಳು ಬಹಳ ಕಮ್ಮಿ. ದಾಟಿದವು ಮಾತ್ರ ಬೇರೆ ಸೀಗಡಿಗಳಂತೆಯೇ ಬೆಳೆಯುತ್ತವೆ.

ಹಾಗೇ ಆಯಿತು. ನವೆಂಬರ್‌ನಲ್ಲಿ ಹಿಡಿದಾಗ 5 ಸಾವಿರಕ್ಕೆ 300ರಷ್ಟು ಸಿಕ್ಕವು. ಜಾಗ ಜಾಸ್ತಿ, ತಿನ್ನುವ ಬಾಯಿ ಕಡಿಮೆ. ಒಂದೊಂದು 80, 90 ಗ್ರಾಂ ತೂಗಿತು. ನೀಲಿ ಕೊಂಡಿಯ ಗಂಡುಗಳನ್ನು ನೋಡಲು ಪಕ್ಕದ ಹಳ್ಳಿಯಿಂದ ಜನ ಬಂದಿದ್ದರು.

ಹಿಡಿಯುವ ಹಿಂದಿನ ದಿನ ಅವನು ಫೋನ್ ಮಾಡಿದ್ದ. ಯಾರೋ ಒಬ್ಬರು ಬಂದು, ಮೊಟ್ಟೆ ಹೊತ್ತ ಹೆಣ್ಣುಗಳನ್ನು ಜೀವಂತ ಕೊಟ್ಟರೆ ಮಾಂಸದ ಬೆಲೆಯ ಮೂರು ಪಟ್ಟು ಕೊಡುತ್ತೇನೆ ಅಂದಿದ್ದರಂತೆ. ಮರಿ ಮಾಡುವವರಿಗೆ ತಾಯಿ ಸೀಗಡಿ ಬೇಕಂತೆ. "ನೋಡಕ್ಕೆ ಎಷ್ಟು ಚೆನ್ನಾಗವೆ ಸಾರ್. ನಷ್ಟದಲ್ಲಿ ಸ್ವಲ್ಪನಾದ್ರೂ ಬರ್ತದೆ. ಕೊಡ್ಲಾ?"

ನಾನು ಬೇಡ ಅನ್ನುವ ಮೊದಲೇ ಅವನೇ ಮುಂದುವರಿಸಿದ. "ಮಾವನ ಕೊಳದಲ್ಲಿ ಸಿಕ್ಕಿದ್ದವೂ ಹಿಂಗೇ ಇದ್ವು ಅಲ್ವಾ."

"ಹೌದು" ಅಂದೆ.

ಮಾರನೆಯ ದಿನ ಬಲೆಯಲ್ಲಿ ಮೊಟ್ಟೆ ಹೊತ್ತ ಹೆಣ್ಣು 11 ಇದ್ದವು. ಮೊಟ್ಟೆಗಳಿಗೆ ಕಿತ್ತಳೆ ಬಣ್ಣ, ಇಟ್ಟು ಹೆಚ್ಚು ದಿನ ಆಗಿರಲಿಲ್ಲ. ಉಳಿದವುಗಳ ಜೊತೆಗೇ ಅವನ್ನೂ ಐಸಿಗೆ ಹಾಕಿದ. ತೊಳೆದ ನೀರನ್ನು ಗುಂಡಿಗೆ ಸುರಿದು, ಮೇಲೆ ಬ್ಲೀಚಿಂಗ್ ಹಾಕಿ ಮಣ್ಣು ಮುಚ್ಚಿದ.